ಕ್ವಾಂಟಿಟಿ: ಒಂದು

ಶನಿವಾರ, ಶಿಫ್ಟು ಬಿಡುವ ಹೊತ್ತು.
ಪೀಣ್ಯದ ನಮ್ಮ ಶೆಡ್ಡಿನ ಬಾಗಿಲಲ್ಲಿ ಒಬ್ಬರು ನಿಂತಿದ್ದರು,
ಇಸ್ತ್ರಿ ಅಂಗಿ, ಬಗಲಲ್ಲಿ ಕೊಡೆ,
ಒಳಗೆ ಬರಲೋ ಬೇಡವೋ ಅನ್ನುವ ಕಾಲು.
ಕರ್ಚೀಫು ಬಿಚ್ಚಿದರು. ಹೆಬ್ಬೆರಳಷ್ಟು
ಹಿತ್ತಾಳೆಯ ಸಿಲಿಂಡರು, ಅದರ ತೂತಿನಲ್ಲಿ
ಮುರಿದು ಕೂತ ಟ್ಯಾಪು, ಎರಡು ಮಿಲಿಮೀಟರಿನದು.
"ಮೂರು ತಿಂಗಳ ಕೆಲಸ ಇದು," ಅಂದರು
ಆಸ್ಪತ್ರೆಯಲ್ಲಿ ಮಾತಾಡುವ ದನಿಯಲ್ಲಿ.

ಯಜಮಾನರು ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದರು:
"ಯಾವ ಕಂಪನಿ? ಕ್ವಾಂಟಿಟಿ ಎಷ್ಟು?"
"ಒಂದು," ಅಂದೆ.
"ಒಂದು ಸಾವಿರವೋ, ಒಂದು ಲಕ್ಷವೋ?"
"ಒಂದು."

ಮೂವತ್ತೊಂದು ವರ್ಷದಿಂದ ಲೇತಿನ ಮುಂದಿರುವವನು ನಾನು.
ದಿನಕ್ಕೆ ನಾನೂರು ಬುಷ್, ಒಂದಕ್ಕೆ ಐವತ್ತೆರಡು ಸೆಕೆಂಡು.
ಯಾವ ಗಾಡಿಯ ಯಾವ ಸಂದಿಯಲ್ಲಿ ಅವು ತಿರುಗುತ್ತವೋ
ಡ್ರಾಯಿಂಗಿನಲ್ಲಿ ಬರೆದಿರುವುದಿಲ್ಲ.
ಹತ್ತು ಮೈಕ್ರಾನು ತಪ್ಪಿದರೆ ಕೆಂಪು ಡಬ್ಬಿ,
ತಪ್ಪದಿದ್ದರೆ ನೀಲಿ.
ಕೆಲಸ ಬೆರಳಿಗೆ ಗೊತ್ತು. ಮನಸ್ಸು ಅಷ್ಟು ಹೊತ್ತೂ
ಮಗಳ ಫೀಸು, ನೀರಿನ ಟ್ಯಾಂಕರು ಅಂತ ಬೇರೆ ಕಡೆ ಸುತ್ತುತ್ತಿರುತ್ತದೆ.

ಇವರು ಶ್ರೀಕಂಠಾರಾಧ್ಯರು. ಸಿವಿಲ್ ಕೋರ್ಟಿನಲ್ಲಿ
ಇಪ್ಪತ್ತೆಂಟು ವರ್ಷ ಬೇರೆಯವರ ಜಗಳ ಟೈಪು ಮಾಡಿದವರು.

ಎಲ್ಲರೂ ಹೋದ ಮೇಲೆ ಸ್ಪಾರ್ಕ್ ಮೆಶೀನಿಗೆ ಕಟ್ಟಿದೆ.
ನಲವತ್ತು ನಿಮಿಷ. ಎಣ್ಣೆಯೊಳಗಿನ ನೀಲಿ ಕಿಡಿ ನೋಡುತ್ತ
ಹದಿನೇಳು ಪ್ರಶ್ನೆ ಕೇಳಿದರು, ಎಲ್ಲದರಲ್ಲೂ ಒಂದು "ಯಾಕೆ".
ನಮ್ಮಲ್ಲಿ ಇರುವುದು ಒಂದೇ ಪ್ರಶ್ನೆ: ಯಾವಾಗ ಮುಗಿಯುತ್ತೆ.
ಎರಡಕ್ಕೆ ನನ್ನ ಹತ್ತಿರವೂ ಉತ್ತರವಿರಲಿಲ್ಲ.
"ಹಂಗೇ ಆಗುತ್ತೆ ಸಾರ್, ಅಷ್ಟೇ," ಅಂದೆ,
ಅಂದಮೇಲೆ ನಾಚಿಕೆಯಾಯಿತು.

ಮುಂದೆ ಯಾವತ್ತೋ ಮನೆಗೆ ಕರೆದರು.
ಮಹಾಲಕ್ಷ್ಮಿ ಲೇಔಟು, ಮೂರನೇ ಮಹಡಿ. ಬಾಲ್ಕನಿಯಲ್ಲಿ
ವಾಶಿಂಗ್ ಮೆಶೀನು ಇರಬೇಕಾದ ಕಡೆ ಲೇತು,
ಸಂಡೇ ಬಜಾರಿನಲ್ಲಿ ತುಂಡು ತುಂಡಾಗಿ ಸಿಕ್ಕಿ
ಐದು ವರ್ಷಕ್ಕೆ ಒಂದಾದದ್ದು.
ಗೋಡೆಯ ಮೇಲೆ ಪೆನ್ಸಿಲಿನಲ್ಲಿ, ಕೆಳಮನೆಯ ಮಗು ಮಲಗುವ ಸಮಯ:
ಒಂದರಿಂದ ಮೂರು. ಆಗ ಅರ ಮಾತ್ರ, ಅದೂ ಮೆತ್ತಗೆ.
ಕಾಫಿ ತಂದ ಗಿರಿಜಮ್ಮನವರು ಹೇಳಿದರು,
"ಸಾರಿನಲ್ಲಿ ಒಂದು ಸಲ ಹಿತ್ತಾಳೆ ಸುರುಳಿ ಸಿಕ್ಕಿತ್ತು,
ಒಗ್ಗರಣೆ ಮೆಣಸಿನಕಾಯಿ ಅಂದುಕೊಂಡಿದ್ದೆ."
ಲೇತು ಬಿಟ್ಟ ಮೊದಲ ಸುರುಳಿ ಹಾರ್ಲಿಕ್ಸ್ ಬಾಟಲಿಯಲ್ಲಿದೆ.
ದಿನಾ ನಲವತ್ತು ಕೇಜಿ ಗುಡಿಸಿ ಗುಜರಿಗೆ ಕಳಿಸುವವನು ನಾನು,
ಮುಚ್ಚಳ ತೆಗೆದು ನೋಡಿದೆ.

ಎರಡನೇ ಸಲ ಟ್ಯಾಪು ಮುರಿದಾಗ ನನ್ನ ಹತ್ತಿರ ಬಂದಿರಲಿಲ್ಲ.
ಕ್ಷೌರದಂಗಡಿಯ ಪಟಿಕ ತಂದು, ನೀರಲ್ಲಿ ಕರಗಿಸಿ,
ಹಳೇ ಪಾತ್ರೆಯಲ್ಲಿ ಎರಡು ದಿನ ಕಾಯಿಸಿದ್ದರಂತೆ.
ಉಕ್ಕು ಕೊಳೆತು ಪುಡಿಯಾಯಿತು, ಹಿತ್ತಾಳೆ ಹಾಗೇ ಉಳಿಯಿತು.
ಇದು ನನಗೆ ಗೊತ್ತಿರಲಿಲ್ಲ, ದೇವರಾಣೆ.
ಮೆಶೀನು ಇದ್ದವನಿಗೆ ಗೊತ್ತಿರಬೇಕಾದ ಅಗತ್ಯ ಬರುವುದಿಲ್ಲ.

ಸೈಕಲ್ ಪಂಪಿನಿಂದ ಗಾಳಿ ಕೊಟ್ಟರು.
ಇಂಜಿನ್ನು ಒಮ್ಮೆ ಕೆಮ್ಮಿತು, ಆಮೇಲೆ ಓಡಿತು,
ಹೊಲಿಗೆ ಮೆಶೀನಿನ ಮರಿಯ ಹಾಗೆ ಟಿಕಿಟಿಕಿಟಿಕಿ.
ಫ್ಲೈವೀಲು ಕೂದಲೆಳೆಯಷ್ಟು ಓಲಾಡುತ್ತಿತ್ತು.
ನನ್ನ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ. ಬಾಯಿ ಬಿಡಲಿಲ್ಲ.
"ಓಲಾಡ್ತಿದೆ, ಅಲ್ವಾ?" ಅಂದರು ಅವರೇ. "ಇನ್ನೊಂದು ಮಾಡ್ತೀನಿ."
ಇನ್ನೊಂದು ಮಾಡು ಅನ್ನುವುದು ನಮ್ಮ ಶೆಡ್ಡಿನಲ್ಲಿ ಬೈಗುಳ.
ಅವರ ಬಾಯಲ್ಲಿ ಅದು
ಹಬ್ಬಕ್ಕೆ ಮತ್ತೊಂದು ದಿನ ರಜ ಸಿಕ್ಕ ಹಾಗಿತ್ತು.

ಸೋಮವಾರ ಮುನ್ನೂರ ತೊಂಬತ್ತೊಂಬತ್ತು ಬುಷ್ ಆಯಿತು.
"ಒಂದು ಯಾಕೆ ಕಮ್ಮಿ?" ಅಂದ ಸೂಪರ್‌ವೈಸರ್.
ಒಂದನ್ನು ಕೈಯಲ್ಲಿ ಹಿಡಿದು ನೋಡುತ್ತ ನಿಂತಿದ್ದೆ
ಅಂತ ಹೇಳಲಿಕ್ಕಾಗುತ್ತದೆಯೇ?
ಕರೆಂಟು ಹೋಗಿತ್ತು, ಅಂದೆ.